ಆಸ್ಕರ್, ಅರೋವನಾಗೆ ಜೀವಂತ ಮೀನನ್ನೇ ತಿನ್ನಿಸಬೇಕೆ? ಫೀಡರ್ ಮೀನಿನ ಬಗ್ಗೆ ಆರು ನಂಬಿಕೆಗಳು

ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ಜೋಡಿ ಆಸ್ಕರ್ ಮರಿಯನ್ನೋ, ‘ವಾಸ್ತು ಮೀನು’ ಎಂದು ಹೆಸರಾದ ಅರೋವನಾವನ್ನೋ ಕೊಂಡು ತಂದವರಿಗೆ ಒಂದು ಸಲಹೆ ಉಚಿತವಾಗಿ ಸಿಗುತ್ತದೆ: “ವಾರಕ್ಕೊಮ್ಮೆ ಜೀವಂತ ಮೀನಾ ಹಾಕ್ರಿ, ಬಣ್ಣ ಛಲೋ ಬರ್ತೈತಿ, ಲಗೂನ ಬೆಳೀತಾವ.” ಹೀಗೆ ದೊಡ್ಡ ಮೀನಿಗೆ ಆಹಾರವಾಗಿ ಹಾಕುವ ಗಪ್ಪಿ, ಮಾಲಿ, ಗೋಲ್ಡ್‌ಫಿಶ್ ಮರಿಗಳಿಗೆ ‘ಫೀಡರ್ ಮೀನು’ ಎನ್ನುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ಬರುವ ಇವು ನಾಲ್ಕೈದು ದಿನ ಬಚ್ಚಲಿನ ಬಕೆಟ್‌ನಲ್ಲಿದ್ದು, ಒಂದೊಂದಾಗಿ ದೊಡ್ಡ ತೊಟ್ಟಿಗೆ ಬೀಳುತ್ತವೆ.

ಈ ಸಲಹೆ ಎಷ್ಟು ಸರಿ? ಚುಟುಕಾಗಿ ಹೇಳುವುದಾದರೆ, ಸಾಕು ಮೀನುಗಳಲ್ಲಿ ಹೆಚ್ಚಿನವಕ್ಕೆ ಜೀವಂತ ಮೀನು ಬೇಕಿಲ್ಲ. ಹಾಕಲೇಬೇಕೆಂದಿದ್ದರೆ, ಫೀಡರ್ ಮೀನು ಬದುಕುವ ನೀರು ನಿಮ್ಮ ಅಕ್ವೇರಿಯಂ ನೀರಿನಷ್ಟೇ ಚೆನ್ನಾಗಿರಬೇಕು. ಏಕೆಂದರೆ ಬಕೆಟ್‌ನಲ್ಲಿರುವ ರೋಗ ನಾಳೆ ನಿಮ್ಮ ಆಸ್ಕರ್ ಹೊಟ್ಟೆಯಲ್ಲಿರುತ್ತದೆ.

ನಂಬಿಕೆ 1: ಬೇಟೆಯಾಡುವ ಮೀನಿಗೆ ಜೀವಂತ ಮೀನು ಬೇಕೇ ಬೇಕು

ವಾಸ್ತವ: ತಪ್ಪು. ದಕ್ಷಿಣ ಅಮೆರಿಕದ ನದಿಗಳಲ್ಲಿ ಆಸ್ಕರ್ ಮೀನು ಕೀಟ, ಸಿಗಡಿ, ಬಸವನಹುಳು, ಸಣ್ಣ ಮೀನು ಎಲ್ಲವನ್ನೂ ತಿನ್ನುತ್ತದೆ. ಅರೋವನಾ ನೀರಿನ ಮೇಲ್ಮೈಯಲ್ಲಿ ಕಾದಿದ್ದು, ಮೇಲಕ್ಕೆ ಜಿಗಿದು ಕೀಟ ಹಿಡಿಯುವುದರಲ್ಲಿ ನಿಪುಣ. ಅಂದರೆ ಕಾಡಿನಲ್ಲೂ ಇವು ಬರೀ ಮೀನು ತಿಂದು ಬದುಕುವುದಿಲ್ಲ.

ಇನ್ನು ಬಣ್ಣದ ಮಾತು. ಮೀನಿನ ಕೆಂಪು, ಕಿತ್ತಳೆ ಬಣ್ಣಕ್ಕೆ ಕಾರಣ ಕೆರೋಟಿನಾಯ್ಡ್ ಎಂಬ ವರ್ಣದ್ರವ್ಯಗಳು. ಇವನ್ನು ಮೀನು ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಸಿಗಡಿಯಲ್ಲಿ, ಒಳ್ಳೆಯ ಗುಣಮಟ್ಟದ ಪೆಲೆಟ್‌ಗಳಲ್ಲಿ ಇವು ಸಿಗುತ್ತವೆ. ಆಹಾರಕ್ಕೆ ಜೀವವಿದೆಯೋ ಇಲ್ಲವೋ ಎಂಬುದರಿಂದ ಬಣ್ಣ ಬರುವುದಿಲ್ಲ.

ಒಂದು ವಿನಾಯಿತಿ ಉಂಟು. ಕಾಡಿನಿಂದ ಹಿಡಿದು ತಂದ ಕೆಲವು ಮೀನುಗಳು ಮೊದಮೊದಲು ಅಲುಗಾಡದ ಆಹಾರವನ್ನು ಮುಟ್ಟುವುದೇ ಇಲ್ಲ. ಅವಕ್ಕೆ ಅಭ್ಯಾಸವಾಗುವವರೆಗೆ ಜೀವಂತ ಆಹಾರ ಬೇಕಾಗಬಹುದು.

ನಂಬಿಕೆ 2: ಯಾವ ಸಣ್ಣ ಮೀನಾದರೂ ನಡೆಯುತ್ತದೆ

ವಾಸ್ತವ: ತಪ್ಪು. ಗೋಲ್ಡ್‌ಫಿಶ್ ಮತ್ತು ಅದರ ಕುಟುಂಬಕ್ಕೆ ಸೇರಿದ ಹಲವು ಕಾರ್ಪ್ ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ. ಅದು ಥಯಾಮಿನ್ ಅನ್ನು, ಅಂದರೆ ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ತಿಂಗಳುಗಟ್ಟಲೆ ಗೋಲ್ಡ್‌ಫಿಶ್ ಒಂದನ್ನೇ ತಿಂದ ಮೀನಿಗೆ ಬಿ1 ಕೊರತೆಯಾಗಿ ನರಗಳು ದುರ್ಬಲವಾಗುತ್ತವೆ, ಈಜುವಾಗ ಸಮತೋಲನ ತಪ್ಪುತ್ತದೆ, ಕೊನೆಗೆ ಸಾಯಲೂಬಹುದು.

ಇದು ಹೊಸ ಸಂಗತಿಯಲ್ಲ. 1930ರ ದಶಕದಲ್ಲಿ ಅಮೆರಿಕದ ನರಿ ಸಾಕಣೆ ಕೇಂದ್ರಗಳಲ್ಲಿ ಹಸಿ ಕಾರ್ಪ್ ಮೀನು ತಿಂದ ನರಿಗಳು ಲಕವಾ ಹೊಡೆದಂತಾಗಿ ಸತ್ತಾಗ ಈ ತೊಂದರೆ ವಿಜ್ಞಾನಿಗಳ ಗಮನಕ್ಕೆ ಬಂತು. ನೆನಪಿಡಿ, ಫ್ರೀಜರ್‌ನಲ್ಲಿಟ್ಟರೆ ಈ ಕಿಣ್ವ ಹಾಳಾಗುವುದಿಲ್ಲ. ಬೇಯಿಸಿದರೆ ಮಾತ್ರ ಹೋಗುತ್ತದೆ.

ಕ್ಯಾಟ್‌ಫಿಶ್ ಮರಿಗಳ ತೊಂದರೆ ಬೇರೆ. ಅಪಾಯವಾದಾಗ ಅವು ರೆಕ್ಕೆಯ ಮುಳ್ಳನ್ನು ಸೆಟೆಸುತ್ತವೆ; ಅದು ದೊಡ್ಡ ಮೀನಿನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇವೆರಡಕ್ಕೂ ಹೋಲಿಸಿದರೆ ಗಪ್ಪಿ, ಮಾಲಿ ವಾಸಿ.

ನಂಬಿಕೆ 3: ಹೇಗೂ ಸಾಯುವ ಮೀನು, ಬಕೆಟ್ ಸಾಕು

ವಾಸ್ತವ: ಎಲ್ಲಕ್ಕಿಂತ ದುಬಾರಿಯಾಗುವ ತಪ್ಪು ಇದೇ. ಮೀನಿನ ತ್ಯಾಜ್ಯದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಫಿಲ್ಟರ್‌ನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ಬಕೆಟ್‌ನಲ್ಲಿ ಈ ವ್ಯವಸ್ಥೆ ಇರುವುದಿಲ್ಲ. ಕಿಕ್ಕಿರಿದ ಮೀನುಗಳ ಕಿವಿರು ಸುಡುತ್ತದೆ, ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಬಿಳಿಚುಕ್ಕೆ ರೋಗ, ಹುಳುಬಾಧೆ ಬೇಗ ಹರಡುತ್ತವೆ. ಡಿಸೆಂಬರ್-ಜನವರಿ ರಾತ್ರಿಗಳಲ್ಲಿ ಧಾರವಾಡದ ತಾಪಮಾನ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ. ಹಿತ್ತಲಿನಲ್ಲಿಟ್ಟ ಬಕೆಟ್‌ನ ಗಪ್ಪಿಗಳಿಗೆ ಅದು ಇನ್ನೊಂದು ಪೆಟ್ಟು.

ಸರಿಯಾಗಿ ಇಡುವುದು ಹೇಗೆ?

• 60 ಲೀಟರ್ ತೊಟ್ಟಿ, ಏರ್ ಪಂಪ್‌ಗೆ ಜೋಡಿಸಿದ ಸ್ಪಾಂಜ್ ಫಿಲ್ಟರ್ ಇದ್ದರೆ 30-40 ಗಪ್ಪಿಗಳಿಗೆ ಸಾಕು. ಹೊಸ ಫಿಲ್ಟರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯಲು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಕಡಿಮೆ ಮೀನು ಇಡಿ.

• ನೀರು 24-27 ಡಿಗ್ರಿ ಇರಲಿ. ಚಳಿಗಾಲದಲ್ಲಿ ಚಿಕ್ಕ ಹೀಟರ್ ಹಾಕಿ.

• ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗ ನೀರು ಬದಲಿಸಿ. ಹಲವು ದಿನಕ್ಕೊಮ್ಮೆ ನಲ್ಲಿ ನೀರು ಬರುವ ಬಡಾವಣೆಗಳಲ್ಲಿ, ನೀರು ಬಂದ ದಿನವೇ ಎರಡು ಬಕೆಟ್ ಎತ್ತಿಡಿ. ಒಂದೆರಡು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ. ಸೊಳ್ಳೆ ಮೊಟ್ಟೆಯಿಡದಂತೆ ಮೇಲೆ ಬಲೆ ಮುಚ್ಚಿ. ಗಡಸಾದ ಬೋರ್‌ವೆಲ್ ನೀರು ಗಪ್ಪಿ, ಮಾಲಿಗೆ ಒಗ್ಗುತ್ತದೆ.

• ಅಂಗಡಿಯಿಂದ ತಂದ ಮೀನನ್ನು 3-4 ವಾರ ಪ್ರತ್ಯೇಕವಾಗಿಟ್ಟು ನೋಡಿ. ಮೈಮೇಲೆ ಬಿಳಿ ಚುಕ್ಕೆ, ಮುದುಡಿದ ರೆಕ್ಕೆ, ಗುದದ್ವಾರದಲ್ಲಿ ಕೆಂಪು ದಾರದಂತಹ ಹುಳು ಕಂಡರೆ ಆ ಗುಂಪಿನ ಯಾವ ಮೀನನ್ನೂ ತಿನ್ನಿಸಬೇಡಿ.

• ಎರಡೂ ತೊಟ್ಟಿಗೆ ಬೇರೆ ಬೇರೆ ಬಲೆ, ಬೇರೆ ಪೈಪು ಇರಲಿ.

• ಹಸಿದ ಗಪ್ಪಿಯಲ್ಲಿ ಪೋಷಕಾಂಶ ಇರುವುದಿಲ್ಲ. ತಿನ್ನಿಸುವ ಹಿಂದಿನ ದಿನ ಅದಕ್ಕೆ ಒಳ್ಳೆಯ ಆಹಾರ ಕೊಡಿ.

ಇದಕ್ಕಿಂತ ಸುರಕ್ಷಿತ ದಾರಿ ಮನೆಯಲ್ಲೇ ಗಪ್ಪಿ ಬೆಳೆಸುವುದು. ಒಂದು ಗಂಡಿಗೆ ಎರಡು-ಮೂರು ಹೆಣ್ಣು ಇಟ್ಟರೆ ಪ್ರತಿ ಹೆಣ್ಣು ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಮರಿಗಳು ಅಡಗಿಕೊಳ್ಳಲು ನೀರುಗಿಡಗಳಿರಲಿ, ಇಲ್ಲವಾದರೆ ಹೆತ್ತ ತಾಯಿಯೇ ತಿಂದುಬಿಡುತ್ತದೆ.

ನಂಬಿಕೆ 4: ಗಟಾರದ ಗಪ್ಪಿ ಪುಕ್ಕಟೆ ಸಿಗುತ್ತದೆ, ಅದೂ ಗಟ್ಟಿ ಮೀನು

ವಾಸ್ತವ: ಗಟ್ಟಿ ಎಂಬುದು ನಿಜ, ಸುರಕ್ಷಿತ ಎಂಬುದಲ್ಲ. ಕೊಳಚೆ ನೀರಿನ ಮೀನು ಪರಾವಲಂಬಿಗಳನ್ನೂ ರಾಸಾಯನಿಕಗಳನ್ನೂ ಹೊತ್ತು ತರಬಹುದು. ಇನ್ನೊಂದು ಮಾತು: ಡೆಂಗಿ, ಮಲೇರಿಯಾ ತಡೆಯಲು ಆರೋಗ್ಯ ಇಲಾಖೆ ಸೊಳ್ಳೆ ಮರಿ ತಿನ್ನುವ ಗಪ್ಪಿ, ಗಾಂಬೂಸಿಯಾ ಮೀನುಗಳನ್ನು ನಿಂತ ನೀರಿಗೆ ಬಿಡುತ್ತದೆ. ಅವನ್ನು ಹಿಡಿದು ತಂದರೆ ನಷ್ಟ ಇಡೀ ಓಣಿಗೆ.

ನಂಬಿಕೆ 5: ಮೀನಿನ ರೋಗ ಮನುಷ್ಯರಿಗೆ ಬರುವುದಿಲ್ಲ

ವಾಸ್ತವ: ಹೆಚ್ಚಿನವು ಬರುವುದಿಲ್ಲ, ಕೆಲವು ಬರುತ್ತವೆ. ಕ್ಷಯರೋಗದ ಬ್ಯಾಕ್ಟೀರಿಯಾದ ಸಂಬಂಧಿಯಾದ ಮೈಕೋಬ್ಯಾಕ್ಟೀರಿಯಂ ಮ್ಯಾರಿನಮ್ ಮೀನುಗಳನ್ನು ನಿಧಾನವಾಗಿ ಸೊರಗಿಸಿ ಕೊಲ್ಲುತ್ತದೆ. ಸೋಂಕು ತಗುಲಿದ ಮೀನನ್ನು ತಿಂದ ಮೀನಿಗೂ ಅದು ದಾಟುತ್ತದೆ. ಕೈಯಲ್ಲಿ ಗಾಯವಿದ್ದಾಗ ತೊಟ್ಟಿಗೆ ಕೈ ಹಾಕಿದರೆ ನಮ್ಮ ಚರ್ಮಕ್ಕೂ ಬರಬಹುದು. ಕೆಲವು ವಾರಗಳ ನಂತರ ಬೆರಳಲ್ಲೋ ಮುಂಗೈಯಲ್ಲೋ ಮಾಯದ ಗಂಟು ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಗಾಯವಿದ್ದರೆ ಕೈಗವಸು ಹಾಕಿಕೊಳ್ಳಿ, ಕೆಲಸವಾದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ, ಪೈಪನ್ನು ಬಾಯಿಂದ ಎಳೆದು ನೀರು ತೆಗೆಯುವ ರೂಢಿ ಬಿಡಿ. ಇಂಥ ಗಂಟು ಕಂಡರೆ ಮನೆಯಲ್ಲಿ ಮೀನು ಸಾಕಿದ್ದೇವೆಂದು ವೈದ್ಯರಿಗೆ ತಪ್ಪದೆ ಹೇಳಿ.

ನಂಬಿಕೆ 6: ಉಳಿದ ಮೀನನ್ನು ಕೆರೆಗೆ ಬಿಟ್ಟರೆ ಪುಣ್ಯ

ವಾಸ್ತವ: ತಪ್ಪು. 2023ರಲ್ಲಿ ಭೋಪಾಲ್‌ನ ದೊಡ್ಡ ಕೆರೆಯಲ್ಲೂ ಶ್ರೀನಗರದ ದಾಲ್ ಸರೋವರದಲ್ಲೂ ಉತ್ತರ ಅಮೆರಿಕದ ಅಲಿಗೇಟರ್ ಗಾರ್ ಮೀನು ಸಿಕ್ಕಿತ್ತು. ಅಕ್ವೇರಿಯಂಗೆಂದು ಮಾರಾಟವಾಗುವ ಮೀನು ಅದು. ಉಣಕಲ್ ಕೆರೆಗೋ ಕೆಲಗೇರಿ ಕೆರೆಗೋ ಬಿಟ್ಟ ಹೊರನಾಡಿನ ಮೀನು ಒಂದೋ ಸಾಯುತ್ತದೆ, ಇಲ್ಲವೇ ಬದುಕಿ ಸ್ಥಳೀಯ ಮೀನುಗಳ ಮೊಟ್ಟೆ, ಮರಿ ತಿನ್ನುತ್ತದೆ, ಇಲ್ಲಿಲ್ಲದ ರೋಗ ಹರಡುತ್ತದೆ. ಬೇಡವಾದ ಮೀನನ್ನು ಅಂಗಡಿಗೆ ಮರಳಿಸಿ, ಅಥವಾ ಸಾಕುವ ಇನ್ನೊಬ್ಬರಿಗೆ ಕೊಡಿ.

ಜೀವಂತ ಮೀನಿನ ಚಟ ಬಿಡಿಸುವುದು ಹೇಗೆ?

ಆರೋಗ್ಯವಾಗಿರುವ, ಬೆಳೆದ ಆಸ್ಕರ್ ಮೂರ್ನಾಲ್ಕು ದಿನ ಉಪವಾಸವಿದ್ದರೆ ಏನೂ ಆಗುವುದಿಲ್ಲ. ಹಸಿದ ಮೇಲೆ ಸಿಪ್ಪೆ ಸುಲಿದ ಸಿಗಡಿ ಚೂರನ್ನೋ ತೊಳೆದ ಎರೆಹುಳುವನ್ನೋ ಚಿಮಟದಲ್ಲಿ ಹಿಡಿದು ನೀರಿನಲ್ಲಿ ಅಲುಗಾಡಿಸಿ. ಅದನ್ನು ತಿನ್ನತೊಡಗಿದ ಮೇಲೆ ಸಿಗಡಿಯ ಜೊತೆ ಪೆಲೆಟ್ ಸೇರಿಸಿ, ದಿನದಿಂದ ದಿನಕ್ಕೆ ಪೆಲೆಟ್ ಹೆಚ್ಚಿಸಿ. ಐದು ನಿಮಿಷದಲ್ಲಿ ಮುಟ್ಟದ್ದನ್ನು ಹೊರತೆಗೆಯಿರಿ. ಕೆಲವು ಮೀನು ವಾರದಲ್ಲಿ ಒಪ್ಪಿಕೊಳ್ಳುತ್ತವೆ, ಕೆಲವು ತಿಂಗಳು ಸತಾಯಿಸುತ್ತವೆ. ಮರಿಗಳನ್ನು ಮಾತ್ರ ಹೀಗೆ ಉಪವಾಸ ಕೆಡವಬೇಡಿ.

ಕೊನೆಯದಾಗಿ

ಮೀನಿಗೆ ನೋವಾಗುತ್ತದೆಯೇ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಹಾನಿಕಾರಕ ಪ್ರಚೋದನೆಯನ್ನು ಗ್ರಹಿಸುವ ನರಗಳು ರೇನ್‌ಬೋ ಟ್ರೌಟ್ ಮೀನಿನ ತಲೆಭಾಗದಲ್ಲಿವೆ ಎಂದು ಬ್ರಿಟನ್ನಿನ ವಿಜ್ಞಾನಿಗಳು 2003ರಲ್ಲೇ ತೋರಿಸಿದ್ದಾರೆ. ನಮ್ಮ ದೇಶದ ಪ್ರಾಣಿ ಹಿಂಸೆ ತಡೆ ಕಾಯ್ದೆ, 1960 ‘ಪ್ರಾಣಿ’ ಎಂದು ಹೇಳುವಾಗ ಮನುಷ್ಯನ ಹೊರತು ಎಲ್ಲ ಜೀವಿಗಳನ್ನೂ ಸೇರಿಸುತ್ತದೆ. ದೊಡ್ಡ ಮೀನು ಸಣ್ಣ ಮೀನನ್ನು ತಿನ್ನುವುದು ಪ್ರಕೃತಿಯ ನಿಯಮವೇ. ಆದರೆ ಸಣ್ಣ ಮೀನನ್ನು ನಾಲ್ಕು ದಿನ ಕೊಳೆತ ನೀರಿನಲ್ಲಿ ಉಸಿರುಗಟ್ಟಿಸಿ ಇಡುವುದು ಪ್ರಕೃತಿಯ ಕೆಲಸವಲ್ಲ, ನಮ್ಮದು. ಎರಡನೇ ತೊಟ್ಟಿಗೆ ಮನೆಯಲ್ಲಿ ಜಾಗ, ನೀರು, ಸಮಯ ಇಲ್ಲವೆಂದಾದರೆ ಪೆಲೆಟ್ ಡಬ್ಬಿಯೇ ಸರಿಯಾದ ಆಯ್ಕೆ. ಅದರಿಂದ ನಿಮ್ಮ ಮೀನಿಗೂ ನಷ್ಟವಿಲ್ಲ.