ದವಡೆ ಬಂತು, ಹಲ್ಲು?

ಬಾಯಿ ಕ್ಯಾನ್ಸರ್‌ಗಾಗಿ ಕೆಳದವಡೆ ತೆಗೆಸಿಕೊಂಡವರಿಗೆ ಅದನ್ನು ಮತ್ತೆ ಕಟ್ಟಿಕೊಡುವ ಶಸ್ತ್ರಚಿಕಿತ್ಸೆಯ ಬಗ್ಗೆ ಈಚೆಗೆ ಬರುವ ಬರಹಗಳು ಕಂಪ್ಯೂಟರ್ ಯೋಜನೆಯಿಂದಲೇ ಶುರುವಾಗುತ್ತವೆ. ಅದಕ್ಕೂ ಹಿಂದಿನದೆಲ್ಲ ಗತಿಯಿಲ್ಲದೆ ಮಾಡಿದ ಕೆಲಸವೆಂಬ ಧಾಟಿ. ಮೊದಲ ಮಹಾಯುದ್ಧದ ಗುಂಡೇಟುಗಳು ಸೊಂಟದ ಮೂಳೆಯ ತುಂಡನ್ನು ದವಡೆಗೆ ಕಸಿಮಾಡುವುದನ್ನು ರೂಢಿಗೆ ತಂದವು. ಆದರೆ ಸ್ವಂತ ರಕ್ತನಾಳವಿಲ್ಲದ ಆ ತುಂಡು, ಎಂಜಲು ಸೋರುವ, ವಿಕಿರಣಕ್ಕೆ ಸಿಕ್ಕ ಬಾಯಲ್ಲಿ ಉಳಿಯುವುದು ಕಷ್ಟವಿತ್ತು. 1965ರಲ್ಲಿ ಶಸ್ತ್ರವೈದ್ಯ ಬಕಾಮ್‌ಜಿಯನ್ ಎದೆಯ ಚರ್ಮವನ್ನು ಗಂಟಲಿನ ಪುನರ್ರಚನೆಗೆ ತಂದರು. 1979ರಲ್ಲಿ ಏರಿಯನ್ ಎದೆಯ ಪೆಕ್ಟೊರಾಲಿಸ್ ಮೇಜರ್ ಸ್ನಾಯುವನ್ನು ಚರ್ಮದ ಸಮೇತ, ರಕ್ತನಾಳ ಕಡಿಯದೆ, ಕುತ್ತಿಗೆಯ ಮೇಲಿಂದ ತಿರುಗಿಸಿ ತರುವುದನ್ನು ವಿವರಿಸಿದ ಮೇಲೆ ಆಟವೇ ಬದಲಾಯಿತು. ರಕ್ತನಾಳ ಜೋಡಿಸುವ ಮೈಕ್ರೋಸ್ಕೋಪ್ ಬೇಡ, ಎರಡನೇ ತಂಡ ಬೇಡ; ಭಾರತದ ಕ್ಯಾನ್ಸರ್ ಆಸ್ಪತ್ರೆಗಳ ದೊಡ್ಡ ಹೊರೆಯನ್ನು ದಶಕಗಳ ಕಾಲ ಹೊತ್ತದ್ದು ರಕ್ತನಾಳ ಸಮೇತ ತಿರುಗಿಸಿದ ಈ ಅಂಗಾಂಶ, ಅಂದರೆ ಫ್ಲ್ಯಾಪ್. ಅದನ್ನು ಹಳಸಲು ಎನ್ನುವವರು ಅದರಿಂದ ಬದುಕಿ ಮನೆಗೆ ಹೋದವರನ್ನು ಲೆಕ್ಕ ಹಿಡಿದಿಲ್ಲ.

1989ರಲ್ಲಿ ನ್ಯೂಯಾರ್ಕಿನ ಹಿಡಾಲ್ಗೊ, ಮೊಣಕಾಲಿನ ಕೆಳಗಿನ ಫಿಬುಲಾ ಮೂಳೆಯನ್ನು ರಕ್ತನಾಳಸಹಿತ ತೆಗೆದು, ಅಲ್ಲಲ್ಲಿ ಕತ್ತರಿಸಿ ಬಾಗಿಸಿ ದವಡೆಯ ಆಕಾರಕ್ಕೆ ತಂದರು. ಗದ್ದದ ಮುಂಭಾಗ ಹೋದವರಿಗೆ ಇದಕ್ಕೆ ಸಮನಾದದ್ದು ಇಲ್ಲ: ಮೂಳೆಯಿಲ್ಲದಿದ್ದರೆ ತುಟಿ ಜಾರುತ್ತದೆ, ಎಂಜಲು ನಿಲ್ಲುವುದಿಲ್ಲ, ಬರೀ ಟೈಟಾನಿಯಂ ಪ್ಲೇಟ್ ಇಟ್ಟರೆ ಎಷ್ಟೋ ಸಲ ಅದು ಚರ್ಮ ಸೀಳಿ ಹೊರಬರುತ್ತದೆ. ಆದರೆ ಪಶ್ಚಿಮದ ಗ್ರಂಥಗಳಲ್ಲಿ ಹೆಚ್ಚು ಕಾಣುವುದು ನಾಲಗೆ ಮತ್ತು ಬಾಯಿಯ ತಳದ ಗಡ್ಡೆ. ಹೊಗೆಸೊಪ್ಪನ್ನು ಕೆನ್ನೆಯ ಸಂದಿಯಲ್ಲಿ ಒತ್ತಿಟ್ಟುಕೊಳ್ಳುವ ನಮ್ಮಲ್ಲಿ ಅದು ಕೆನ್ನೆ-ವಸಡಿನದು. ದವಡೆಯ ಪಕ್ಕ, ಹಿಂಬದಿ, ಹಲವರಲ್ಲಿ ಕೆನ್ನೆಯ ಹೊರಚರ್ಮವೂ ಹೋಗುತ್ತದೆ. ಇಲ್ಲಿ ಮೊದಲು ಬೇಕಾದದ್ದು ತುಂಬುವ ಮಾಂಸ. ಮೂಳೆ ಹಾಕದಿದ್ದರೆ ಉಳಿದ ದವಡೆ ಒಂದು ಬದಿಗೆ ಓರೆಯಾಗುತ್ತದೆ, ಹಲ್ಲುಗಳ ಕಚ್ಚು ತಪ್ಪುತ್ತದೆ ಎಂಬ ಆಕ್ಷೇಪ ನಿಜ. ವ್ಯಾಯಾಮದಿಂದ ಅದು ಪೂರ್ತಿ ಸರಿಹೋಗದು. ಬಡವರಿಗೆ ಕಡಿಮೆ ದರ್ಜೆಯ ಚಿಕಿತ್ಸೆಯೇ ಎಂಬುದು ಇನ್ನೂ ಖಾರವಾದ ಪ್ರಶ್ನೆ. ಆದರೆ ಶಸ್ತ್ರಚಿಕಿತ್ಸೆಯಾದ ಆರು ವಾರದೊಳಗೆ ರೇಡಿಯೋಥೆರಪಿ ಶುರುವಾಗಬೇಕು. ಮೈಕ್ರೋಸ್ಕೋಪ್ ತಂಡಕ್ಕಾಗಿ ಸರದಿಯಲ್ಲಿ ಕಾಯುವ ರೋಗಿಗೆ ಗಡ್ಡೆ ಕಾಯುವುದಿಲ್ಲ. ತಂಡವಿರುವ ಕಡೆ ಫಿಬುಲಾ ನಿರಾಕರಿಸಬೇಕಿಲ್ಲ; ಇಲ್ಲದ ಕಡೆ ಎದೆಯ ಫ್ಲ್ಯಾಪ್ ಹಾಕಿದವರು ತಲೆ ತಗ್ಗಿಸಬೇಕಿಲ್ಲ.

ನಿಜವಾದ ಕೊರತೆ ಬೇರೆಡೆ ಇದೆ. ಫಿಬುಲಾ ಹಾಕುವ ವಾದ ಬಹುಮಟ್ಟಿಗೆ ಅಗಿಯುವುದರ ಮೇಲೆ ನಿಂತಿದೆ, ಅಗಿಯಲು ಇಂಪ್ಲಾಂಟ್ ಹಲ್ಲು ಬೇಕು. ಆ ಹಂತ ಮುಟ್ಟುವವರೋ ಕೆಲವರೇ: ಹಣ, ವಿಕಿರಣಕ್ಕೆ ಸಿಕ್ಕ ಮೂಳೆಯ ಭಯ, ಅಡಿಕೆಯಿಂದ ಮೊದಲೇ ಬಿಗಿದ ಬಾಯಿ. ಎರಡು ಬೆರಳು ತೂರದ ಬಾಯಿಗೆ ಇಂಪ್ಲಾಂಟ್ ಕೂರಿಸುವುದು ಹೇಗೆ? ನಮ್ಮ ಪ್ರಬಂಧಗಳು ಮಾತ್ರ ಫ್ಲ್ಯಾಪ್ ಉಳಿಯಿತೇ ಎಂದು ಶೇಕಡಾವಾರು ಎಣಿಸಿ ಮುಗಿಸುತ್ತವೆ. ಬಾಯಿ 35 ಮಿಲಿಮೀಟರ್‌ಗಿಂತ ಕಡಿಮೆ ತೆರೆದರೆ ಬಿಗಿತ ಎಂಬ ಅಳತೆ ಇದೆ, ಅಳೆಯಲು ಒಂದು ಸ್ಕೇಲ್ ಸಾಕು. ವರ್ಷದ ನಂತರ ರೋಗಿ ರೊಟ್ಟಿ ತಿನ್ನುತ್ತಾನೋ, ಗಂಜಿಯಲ್ಲೇ ಇದ್ದಾನೋ ಎಂದು ಕೇಳಲು ಅದೂ ಬೇಡ.