ಹೊಸ ಕಂಪ್ಯೂಟರಿಗೆ ತಂತಿಯ ಅಂತರ್ಜಾಲ ಬಾರದಿದ್ದಾಗ

ಸೋಲಾಪುರದ ಪುಸ್ತಕದ ಅಂಗಡಿಗಳಲ್ಲಿ ದೊರೆಯುವ ಗೈಡುಗಳು ಬಹುಪಾಲು ಮರಾಠಿಯವು. ವಿಜಯಪುರ, ಕಲಬುರಗಿಯಿಂದ ತರಿಸಿದ ಗೈಡುಗಳು ಕನ್ನಡದವಾದರೂ ಕರ್ನಾಟಕದ ಪಠ್ಯಕ್ರಮದವು. ಅಕ್ಕಲಕೋಟೆ, ಮೈಂದರ್ಗಿ, ದುಧನಿ, ನಾಗಣಸೂರದ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಪಠ್ಯಕ್ರಮವೂ ಭಾಷೆಯೂ ಎರಡೂ ಹೊಂದುವ ಸಾಮಗ್ರಿ ಬೇಕೆಂದರೆ ಪುಣೆಯ ಬಾಲಭಾರತಿ ಸಂಸ್ಥೆಯು ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿರುವ ಕನ್ನಡ ಪಠ್ಯಪುಸ್ತಕಗಳ ಪಿಡಿಎಫ್ ಪ್ರತಿಗಳೇ ಮುಖ್ಯ ಆಧಾರ. ಆದ್ದರಿಂದ ಸಾಲ ಮಾಡಿ ಕಂಪ್ಯೂಟರು ತಂದ ಮನೆಯಲ್ಲಿ ಅಂತರ್ಜಾಲ ಬಾರದೆ ಹೋದರೆ ಅದು ಕೇವಲ ಮನರಂಜನೆಯ ಕೊರತೆಯಲ್ಲ. ಅಂಗಡಿಯವನು ಕೇಬಲಿನವನ ಮೇಲೆ, ಕೇಬಲಿನವನು ಅಂಗಡಿಯವನ ಮೇಲೆ ಹಾಕುತ್ತ ವಾರಗಟ್ಟಲೆ ಕಳೆಯುವುದುಂಟು. ದೋಷ ಎಲ್ಲಿದೆ ಎಂಬುದನ್ನು ಮನೆಯವರೇ ಗುರುತಿಸಿಕೊಂಡರೆ ಈ ಅಲೆದಾಟ ತಪ್ಪುತ್ತದೆ.

ದೋಷ ಮೂರು ಕಡೆ ಇರಬಹುದು: ಹೊರಗಿನಿಂದ ಮನೆಯ ಡಬ್ಬಿಯವರೆಗಿನ ಫೈಬರಿನಲ್ಲಿ, ಡಬ್ಬಿಯಿಂದ ಕಂಪ್ಯೂಟರಿನವರೆಗಿನ ತಂತಿಯಲ್ಲಿ, ಇಲ್ಲವೆ ಕಂಪ್ಯೂಟರಿನ ಒಳಗೆ. ಮೊದಲು ಮೊಬೈಲಿನ ಡೇಟಾ ಆರಿಸಿ, ಅದೇ ಡಬ್ಬಿಯ ವೈಫೈಗೆ ಮೊಬೈಲನ್ನು ಜೋಡಿಸಿ ನೋಡಬೇಕು. ಅಲ್ಲಿ ಅಂತರ್ಜಾಲ ಬಂದರೆ ಹೊರಗಿನ ಫೈಬರು ಸರಿಯಾಗಿದೆ. ಬಾರದಿದ್ದರೆ ಡಬ್ಬಿಯ ಮೇಲೆ ‘ಲಾಸ್’ ಎಂಬ ದೀಪ ಕೆಂಪಗೆ ಉರಿಯುತ್ತಿದೆಯೇ ನೋಡಿರಿ. ಉರಿಯುತ್ತಿದ್ದರೆ ಬೆಳಕಿನ ಸಂಕೇತವೇ ಡಬ್ಬಿಯನ್ನು ಮುಟ್ಟುತ್ತಿಲ್ಲ. ಎಲ್ಲೋ ಫೈಬರು ತುಂಡಾಗಿರಬೇಕು, ಇಲ್ಲವೆ ಡಬ್ಬಿಯ ಹಿಂದಿನ ಅದರ ತುದಿ ಕಳಚಿರಬೇಕು. ಆಗ ಕಂಪ್ಯೂಟರನ್ನು ಬಿಚ್ಚಿಸಲು ಯಾರಿಗೂ ಹಣ ಕೊಡಬೇಡಿರಿ, ಕೇಬಲಿನವನಿಗೆ ದೂರು ಕೊಟ್ಟರೆ ಸಾಕು.

ತಂತಿಯ ಪರೀಕ್ಷೆ ಸುಲಭ. ಕಂಪ್ಯೂಟರಿನ ಹಿಂಬದಿಯಲ್ಲಿ, ಯುಎಸ್‌ಬಿ ಕಿಂಡಿಗಳ ಪಕ್ಕದಲ್ಲಿ, ಹಳೆಯ ದೂರವಾಣಿಯ ಕಿಂಡಿಗಿಂತ ಅಗಲವಾದ ಒಂದು ಕಿಂಡಿ ಇರುತ್ತದೆ. ಪಿನ್ನನ್ನು ಅದರಲ್ಲಿ ‘ಟಿಕ್’ ಎನ್ನುವವರೆಗೆ ಒತ್ತಬೇಕು. ಸರಿಯಾಗಿ ಕೂತಾಗ ಸಾಮಾನ್ಯವಾಗಿ ಕಿಂಡಿಯ ಬಳಿಯ ಪುಟ್ಟ ದೀಪಗಳು ಬೆಳಗುತ್ತವೆ. ಬೆಳಗದಿದ್ದರೆ ಡಬ್ಬಿಯ ಇನ್ನೊಂದು ‘ಲ್ಯಾನ್’ ಕಿಂಡಿಗೆ ಬದಲಿಸಿ, ನಂತರ ಬೇರೆ ತಂತಿ ಹಾಕಿ ನೋಡಬೇಕು. ಈ ತಂತಿಯೊಳಗೆ 8 ಎಳೆಗಳಿದ್ದು, 100 ಮೀಟರಿಗಿಂತ ಉದ್ದದ ಒಂದೇ ತಂತಿಯನ್ನು ಬಳಸುವಂತಿಲ್ಲ. 100 ಎಂಬಿಪಿಎಸ್ ವೇಗಕ್ಕೆ 4 ಎಳೆ ಸಾಕು, 1 ಜಿಬಿಪಿಎಸ್‌ಗೆ ಎಂಟೂ ಬೇಕು. ಹೀಗಾಗಿ ಒಂದೆರಡು ಎಳೆ ಕಡಿದ ತಂತಿಯೂ ಕೆಲವೊಮ್ಮೆ ನಿಧಾನವಾಗಿ ಕೆಲಸ ಮಾಡುತ್ತಿರುತ್ತದೆ. ಮಾಳಿಗೆಯಿಂದ ಮಾಳಿಗೆಗೆ ತಾಮ್ರದ ತಂತಿ ಎಳೆದಿರುವ ಮನೆಗಳವರು ರೋಹಿಣಿ, ಮೃಗಶಿರ ಮಳೆಯ ಗುಡುಗು ಆರಂಭವಾಗುವ ಮೊದಲೇ ಪಿನ್ನನ್ನು ತೆಗೆದಿಡುವುದು ಲೇಸು. ಸಿಡಿಲಿನ ಸೆಳವು ಆ ತಂತಿಯ ಮೂಲಕವೇ ಬಂದು ಕಿಂಡಿಯನ್ನು ಸುಡಬಲ್ಲದು.

ಹೊಸ ಕಂಪ್ಯೂಟರಿಗೇ ವಿಶೇಷವಾದ ತೊಡಕು ‘ಡ್ರೈವರ್’ನದು. ಲ್ಯಾನ್ ಕಿಂಡಿಯನ್ನು ವಿಂಡೋಸ್ ಗುರುತಿಸಲು ಬೇಕಾದ ಪುಟ್ಟ ತಂತ್ರಾಂಶವದು. ಇತ್ತೀಚಿನ ಮದರ್‌ಬೋರ್ಡುಗಳ ಕೆಲವು ಲ್ಯಾನ್ ಚಿಪ್ಪುಗಳಿಗೆ ಬೇಕಾದ ಡ್ರೈವರ್ ವಿಂಡೋಸಿನ ಜೊತೆಗೆ ಬಂದಿರುವುದಿಲ್ಲ. ವಿಂಡೋಸ್ 11 ಆದರೋ ಮೊದಲ ಸಿದ್ಧತೆಯಲ್ಲೇ ಅಂತರ್ಜಾಲ ಕೇಳಿ ಅದೇ ಪುಟದಲ್ಲಿ ನಿಂತುಬಿಡುತ್ತದೆ. ಯಂತ್ರವೇ ಕೆಟ್ಟಿದೆಯೆಂದು ಅಂಗಡಿಗೆ ಹೊತ್ತುಕೊಂಡು ಹೋಗುವವರು ಬಹಳ. ಸಿದ್ಧತೆ ಮುಗಿದಿರುವ ಕಂಪ್ಯೂಟರಿನಲ್ಲಿ ಸ್ಟಾರ್ಟ್ ಗುಂಡಿಯನ್ನು ಬಲಗುಂಡಿಯಿಂದ ಒತ್ತಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ‘ಅದರ್ ಡಿವೈಸಸ್’ ಎಂಬಲ್ಲಿ ‘ಈಥರ್ನೆಟ್ ಕಂಟ್ರೋಲರ್’ ಎಂದು ಹಳದಿ ಗುರುತಿನೊಡನೆ ಕಂಡರೆ ಡ್ರೈವರ್ ಇಲ್ಲವೆಂದೇ ಅರ್ಥ.

ಡ್ರೈವರ್ ತರಲು ಅಂತರ್ಜಾಲ ಬೇಕು, ಅಂತರ್ಜಾಲ ಬರಲು ಡ್ರೈವರ್ ಬೇಕು. ಇದಕ್ಕೆ ಮನೆಯಲ್ಲಿರುವ ಆಂಡ್ರಾಯ್ಡ್ ಮೊಬೈಲೇ ಉಪಾಯ. ಚಾರ್ಜಿಂಗ್ ವೈರಿನಿಂದ ಅದನ್ನು ಕಂಪ್ಯೂಟರಿಗೆ ಜೋಡಿಸಿ, ಮೊಬೈಲಿನ ಹಾಟ್‌ಸ್ಪಾಟ್ ವಿಭಾಗದಲ್ಲಿ ‘ಯುಎಸ್‌ಬಿ ಟೆದರಿಂಗ್’ ಎಂಬುದನ್ನು ಚಾಲೂ ಮಾಡಬೇಕು. ವಿಂಡೋಸ್ ಸಾಮಾನ್ಯವಾಗಿ ಮೊಬೈಲನ್ನೇ ಒಂದು ತಂತಿ ಸಂಪರ್ಕವೆಂದು ಸ್ವೀಕರಿಸುತ್ತದೆ. ಬಳಿಕ ‘ವಿಂಡೋಸ್ ಅಪ್‌ಡೇಟ್’ ನಡೆಸಿದರೆ ಡ್ರೈವರ್ ಹಲವು ವೇಳೆ ತಾನೇ ಬಂದು ಕೂರುತ್ತದೆ. ಬಾರದಿದ್ದರೆ ಮದರ್‌ಬೋರ್ಡ್ ಕಂಪನಿಯ ಜಾಲತಾಣದಿಂದ ಇಳಿಸಿಕೊಳ್ಳಬೇಕು. ಚಾರ್ಜಿಂಗಿಗೆ ಮಾತ್ರ ಆಗುವ ಅಗ್ಗದ ವೈರುಗಳಿಂದ ಇದು ಸಾಧ್ಯವಾಗದು.

ದೀಪವೂ ಡ್ರೈವರೂ ಸರಿಯಿದ್ದು ಅಂತರ್ಜಾಲ ಬಾರದಿದ್ದರೆ ವಿಳಾಸವನ್ನು ನೋಡಬೇಕು. ಸ್ಟಾರ್ಟ್‌ನಲ್ಲಿ ‘ಸಿಎಂಡಿ’ ಎಂದು ಬರೆದು ತೆರೆಯುವ ಕಪ್ಪು ಕಿಟಕಿಯಲ್ಲಿ ‘ಐಪಿಕಾನ್ಫಿಗ್’ ಎಂದು, ಅಂದರೆ ಐ, ಪಿ, ಸಿ, ಓ, ಎನ್, ಎಫ್, ಐ, ಜಿ ಅಕ್ಷರಗಳನ್ನು ಒತ್ತಿ ಎಂಟರ್ ಮಾಡಿರಿ. ಐಪಿವಿ4 ವಿಳಾಸ 192.168 ಎಂದು ಆರಂಭವಾದರೆ ಡಬ್ಬಿಯ ಜೊತೆ ಮಾತುಕತೆ ನಡೆದಿದೆ ಎನ್ನಬಹುದು. ಆಗಲೂ ಪುಟಗಳು ತೆರೆಯದಿದ್ದರೆ ಡಿಎನ್‌ಎಸ್ ವಿಳಾಸವನ್ನು 8.8.8.8 ಎಂದು ಬದಲಿಸಿ ನೋಡಿರಿ. ಕಂಪ್ಯೂಟರಿನ ದಿನಾಂಕ ತಪ್ಪಾಗಿದ್ದರೂ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ. ವಿಳಾಸ 169.254 ಎಂದು ಆರಂಭವಾದರೆ ಕಂಪ್ಯೂಟರಿಗೆ ಯಾರೂ ವಿಳಾಸ ಕೊಟ್ಟಿಲ್ಲ, ಅದು ತಾನೇ ಒಂದನ್ನು ಇಟ್ಟುಕೊಂಡಿದೆ. ಡಬ್ಬಿಯನ್ನು ಆರಿಸಿ ಎರಡು ನಿಮಿಷ ಬಿಟ್ಟು ಹಚ್ಚಿದರೆ ಇದು ಅನೇಕ ಸಲ ಸರಿಹೋಗುತ್ತದೆ.

ಡಬ್ಬಿಯೇ ಇಲ್ಲದೆ ಕೇಬಲಿನವನ ತಂತಿ ನೇರವಾಗಿ ಕಂಪ್ಯೂಟರಿಗೆ ಬರುವ ಮನೆಗಳಲ್ಲಿ ಕಾರಣ ಬೇರೆ. ಪ್ರತಿ ಲ್ಯಾನ್ ಕಿಂಡಿಗೂ 12 ಅಕ್ಷರ-ಅಂಕಿಗಳ ‘ಮ್ಯಾಕ್’ ಗುರುತು ಇರುತ್ತದೆ. ಕೆಲವು ಸ್ಥಳೀಯ ಸೇವಾದಾರರು ಹಳೆಯ ಕಂಪ್ಯೂಟರಿನ ಮ್ಯಾಕನ್ನೇ ಖಾತೆಗೆ ಕಟ್ಟಿಹಾಕಿರುತ್ತಾರೆ. ಹೊಸ ಯಂತ್ರವನ್ನು ಅವರ ಸರ್ವರು ಅಪರಿಚಿತವೆಂದು ತಳ್ಳುತ್ತದೆ. ತಂತಿಯನ್ನು ಬದಲಿಸಿದರೂ ಪ್ರಯೋಜನವಿಲ್ಲ. ‘ಐಪಿಕಾನ್ಫಿಗ್’ ಬರೆದು, ಒಂದು ಜಾಗ ಬಿಟ್ಟು, ಓರೆಗೀಟು ಹಾಕಿ ‘ಆಲ್’ ಎಂದು ಸೇರಿಸಿದರೆ ಕಾಣುವ ‘ಫಿಸಿಕಲ್ ಅಡ್ರೆಸ್’ ಎಂಬುದೇ ಆ ಗುರುತು. ಅದನ್ನು ಬರೆದಿಟ್ಟುಕೊಂಡು ಫೋನಿನಲ್ಲಿ “ನವೀನ ಕಾಂಪ್ಯುಟರ್ ಆಹೆ, ಮ್ಯಾಕ್ ರೀಸೆಟ್ ಕರಾ” ಎಂದರೆ ಅವರಿಗೆ ತಕ್ಷಣ ತಿಳಿಯುತ್ತದೆ. ‘ನೆಟ್ ಬರುತ್ತಿಲ್ಲ’ ಎಂದಷ್ಟೇ ಹೇಳಿದರೆ ‘ನಾಳೆ ಮಾಣುಸು ಕಳಿಸುತ್ತೇವೆ’ ಎಂಬ ಉತ್ತರ ನಮಗೆಲ್ಲ ಗೊತ್ತಿರುವುದೇ. ಇಂಥ ಸಂಪರ್ಕಗಳಿಗೆ ಹೆಸರು ಮತ್ತು ಗುಪ್ತಪದ ಹಾಕಿ ಒಳಹೋಗುವ ‘ಪಿಪಿಪಿಒಇ’ ಪದ್ಧತಿ ಇರುವುದೂ ಉಂಟು. ಹಳೆಯ ಕಂಪ್ಯೂಟರು ಅವನ್ನು ನೆನಪಿಟ್ಟುಕೊಂಡಿತ್ತು, ಹೊಸದಕ್ಕೆ ಗೊತ್ತಿಲ್ಲ. ಮ್ಯಾಕ್ ಬದಲಿಸುವಂತೆ ಕೇಳುವಾಗಲೇ ಇವೆರಡನ್ನೂ ಕೇಳಿ ವಹಿಯಲ್ಲಿ ಬರೆದಿಡಿರಿ.

ದೂರು ಕೊಟ್ಟಾಗಲೆಲ್ಲ ಅದರ ಕ್ರಮಾಂಕವನ್ನು ಪಡೆಯಬೇಕು. ಹಣ ಕಟ್ಟಿಸಿಕೊಂಡ ಸೇವಾದಾರ ಅಥವಾ ಅಂಗಡಿಯವ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೇ ದೂರು ಹೇಳಲು ಅವಕಾಶವಿದೆ; ಮಹಾರಾಷ್ಟ್ರದಲ್ಲಿದ್ದೇವೆಂದು ಅಳುಕಬೇಕಾಗಿಲ್ಲ.

ಸಂಪರ್ಕ ಬಂದ ದಿನವೇ ಬಾಲಭಾರತಿಯ ಜಾಲತಾಣದಲ್ಲಿ ಇಯತ್ತೆಯನ್ನೂ ಕನ್ನಡ ಮಾಧ್ಯಮವನ್ನೂ ಆರಿಸಿ ಎಲ್ಲ ವಿಷಯಗಳ ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಇಳಿಸಿಟ್ಟುಕೊಳ್ಳಿರಿ. ನಡುವೆ ಫೈಬರು ತುಂಡಾದರೂ ಪಾಠ ನಿಲ್ಲದು, ಪೆನ್‌ಡ್ರೈವಿನಲ್ಲಿ ಓಣಿಯ ಉಳಿದ ಮಕ್ಕಳಿಗೂ ಕೊಡಲಾಗುತ್ತದೆ.