ಕಲ್ಪಿತ ವೀರರ ಕಾಳಗ

ಒಂದು ಕಥೆಯ ವೀರನನ್ನು ಮತ್ತೊಂದು ಕಥೆಯ ವೀರನೊಡನೆ ಕಾದಿಸಿ, ಇವರಲ್ಲಿ ಗೆಲ್ಲತಕ್ಕವನಾರೆಂದು ವಾದಿಸುವ ವಿನೋದವು ಈಗ ಅಂತರ್ಜಾಲದಲ್ಲಿ ಬಹಳವಾಗಿ ಹಬ್ಬಿದೆ. ಅಮೆರಿಕದ ಚಿತ್ರಕಥೆಗಳ ಸೂಪರ್‌ಮ್ಯಾನನು ಹೆಚ್ಚೋ, ಜಪಾನಿನ ಚಿತ್ರಕಥೆಗಳ ಗೋಕುವು ಹೆಚ್ಚೋ ಎಂಬ ವ್ಯಾಜ್ಯವು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಕೈಯಿಂದ ಕೈಗೆ ಹರಡುವ ಇಂಥ ಹಾಸ್ಯಚಿತ್ರಗಳನ್ನು ಮೀಮ್ ಎಂದು ಕರೆಯುವರು. ಇದನ್ನು ಹುಡುಗಾಟವೆಂದು ತಳ್ಳಿಬಿಡುವುದು ಸುಲಭ. ಆದರೆ ಈ ಹುಡುಗಾಟಕ್ಕೂ ಒಂದು ಚರಿತ್ರೆಯುಂಟು.

ಫ್ರೆಂಚ್ ಲೇಖಕನಾದ ಮೋರಿಸ್ ಲೆಬ್ಲಾಂಕನು 1906ರಲ್ಲಿ, ತಾನು ಸೃಷ್ಟಿಸಿದ ಆರ್ಸೇನ್ ಲುಪಿನ್ ಎಂಬ ಚತುರ ಚೋರನ ಕಥೆಯೊಳಕ್ಕೆ ಇಂಗ್ಲಿಷ್ ಪತ್ತೇದಾರನಾದ ಷರ್ಲಾಕ್ ಹೋಮ್ಸನನ್ನು ಬರಮಾಡಿಕೊಂಡನು. ಅಲ್ಲಿ ಚೋರನು ಪತ್ತೇದಾರನ ಗಡಿಯಾರವನ್ನೇ ಅಪಹರಿಸಿ, ಬಳಿಕ ಹಿಂದಿರುಗಿಸುತ್ತಾನೆ. ಹೋಮ್ಸನ ಕರ್ತೃವಾದ ಕಾನನ್ ಡಾಯ್ಲನು ಆಕ್ಷೇಪಿಸಲು, ಲೆಬ್ಲಾಂಕನು ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿ ಹರ್ಲಾಕ್ ಷೋಮ್ಸ್ ಎಂದಿಟ್ಟನು. ಹೆಸರು ಮಾರ್ಪಟ್ಟಿತಾದರೂ ಮನುಷ್ಯನಾರೆಂಬುದು ಯಾವ ವಾಚಕನಿಗೂ ಮರೆಯಾಗಲಿಲ್ಲ.

1940ರಲ್ಲಿ ಮಾರ್ವೆಲ್ ಮಿಸ್ಟರಿ ಕಾಮಿಕ್ಸ್ ಎಂಬ ಅಮೆರಿಕದ ಪತ್ರಿಕೆಯು, ಅಗ್ನಿರೂಪಿಯಾದ ಹ್ಯೂಮನ್ ಟಾರ್ಚನಿಗೂ ಸಮುದ್ರವಾಸಿಯಾದ ನೇಮೊರನಿಗೂ ಯುದ್ಧವನ್ನು ಹೂಡಿತು. ಅದು ಸೋಲುಗೆಲುವಿಲ್ಲದೆ ಮುಗಿಯಿತು. ಇಬ್ಬರೂ ಒಂದೇ ಅಂಗಡಿಯ ಸರಕಾಗಿರುವಲ್ಲಿ ಒಬ್ಬನನ್ನು ಕೆಡಹುವುದು ಲಾಭವಲ್ಲವಷ್ಟೆ. 1996ರಲ್ಲಿ ಮಾರ್ವೆಲ್ ಮತ್ತು ಡಿ.ಸಿ. ಎಂಬ ಪ್ರತಿಸ್ಪರ್ಧಿ ಪ್ರಕಾಶಕರು ಒಟ್ಟುಗೂಡಿ ತಮ್ಮ ವೀರರನ್ನು ಕಾದಿಸಿ, 5 ದ್ವಂದ್ವಗಳ ನಿರ್ಣಯವನ್ನು ವಾಚಕರ ಮತಕ್ಕೆ ಬಿಟ್ಟರು. ಮಾರ್ವೆಲಿನವರು 3ರಲ್ಲಿಯೂ ಡಿ.ಸಿ.ಯವರು 2ರಲ್ಲಿಯೂ ಗೆದ್ದರು. ಭುಜಬಲದ ಸ್ಥಾನದಲ್ಲಿ ಬಹುಮತವು ಕುಳಿತಿತು. 2005ರಲ್ಲಿ ನೀಲ್ ಸಿಸಿಯೆರೆಗನು ರಚಿಸಿದ ಒಂದು ಹಾಸ್ಯಗೀತದ ಚಲಚ್ಚಿತ್ರವು ಅಂತರ್ಜಾಲದಲ್ಲಿ ಪ್ರಸಿದ್ಧವಾಯಿತು. ಅದರಲ್ಲಿ ಗಾಡ್ಜಿಲ್ಲಾ, ಬ್ಯಾಟ್‌ಮ್ಯಾನ್ ಮೊದಲಾದವರೆಲ್ಲರೂ ಬಡಿದಾಡಿ ಬಿದ್ದ ಮೇಲೆ ಉಳಿದು ನಿಲ್ಲುವವನು, ದೂರದರ್ಶನದಲ್ಲಿ ಮಕ್ಕಳಿಗೆ ಮೃದುವಾಗಿ ಬುದ್ಧಿ ಹೇಳುತ್ತಿದ್ದ ರೋಜರ್ಸನೆಂಬ ಸಜ್ಜನ!

ಇದರಿಂದ ತಿಳಿಯತಕ್ಕುದೇನೆಂದರೆ, ಕಲ್ಪಿತ ವೀರರ ಜಯವು ಅವರ ತೋಳಿನಲ್ಲಿಲ್ಲ; ಲೇಖನಿಯನ್ನು ಹಿಡಿದವರ ಕೈಯಲ್ಲಿದೆ. ಆ ಲೇಖನಿಯು ಕರ್ತೃವಿನಿಂದ ವರ್ತಕನಿಗೂ, ವರ್ತಕನಿಂದ ವಾಚಕನಿಗೂ ದಾಟುತ್ತ ಬಂದಿದೆ.

ಹಾಗಾದರೆ ಇಂಥ ಕಾಳಗಕ್ಕೆ ಬೆಲೆ ಬರುವುದು ಯಾವುದರಿಂದ? ಇದಕ್ಕೆ ಉತ್ತರವು ಕನ್ನಡನಾಡಿನ ಯಕ್ಷಗಾನದಲ್ಲಿಯೇ ದೊರೆಯುತ್ತದೆ. ವ್ಯಾಸಭಾರತದಲ್ಲಿಲ್ಲದ ಶ್ರೀಕೃಷ್ಣಾರ್ಜುನರ ಕಾಳಗವು ಅಲ್ಲಿ ಬಹುಕಾಲದಿಂದ ಪ್ರಸಿದ್ಧವಾಗಿದೆ. ಗಯನೆಂಬ ಗಂಧರ್ವನು ಆಕಾಶಮಾರ್ಗದಲ್ಲಿ ಉಗುಳಿದ ತಾಂಬೂಲವು ಅರ್ಘ್ಯವನ್ನೆತ್ತಿದ್ದ ಕೃಷ್ಣನ ಕೈಗೆ ಬೀಳುತ್ತದೆ. ಅವನನ್ನು ಕೊಲ್ಲುವೆನೆಂದು ಕೃಷ್ಣನ ಪ್ರತಿಜ್ಞೆ. ಕಾರಣವರಿಯದೆ ಅವನಿಗೆ ಅಭಯವಿತ್ತವನು ಅರ್ಜುನ. ಕೊಟ್ಟ ಮಾತನ್ನು ಬಿಡಲಾರದೆ ಪ್ರಾಣಸಖರಿಬ್ಬರೂ ಎದುರೆದುರು ನಿಲ್ಲುತ್ತಾರೆ. ಇಲ್ಲಿ ಗೆಲ್ಲುವವನಾರೆಂದು ಕೇಳಲು ಪ್ರೇಕ್ಷಕನಿಗೆ ಮನಸ್ಸೇ ಬಾರದು. ಯಾರೂ ಸೋಲದಿರಲಿ ಎಂದು ಅವನು ಹಾರೈಸುತ್ತಾನೆ.

ಬಲವನ್ನು ತೂಗುವ ಕಾಳಗವು ಒಂದು ಗಳಿಗೆಯ ವಿನೋದ. ಧರ್ಮಸಂಕಟದಿಂದ ಹುಟ್ಟಿದ ಕಾಳಗವು ತಲೆಮಾರುಗಳಿಗೆ ಉಳಿಯತಕ್ಕದ್ದು. ಮೀಮುಗಳನ್ನು ರಚಿಸುವ ತರುಣರು, ಯಾರು ಗೆಲ್ಲುವರೆಂಬುದರ ಜೊತೆಗೆ ಏತಕ್ಕಾಗಿ ಕಾದುವರೆಂಬುದನ್ನೂ ಕೇಳುವುದಾದರೆ, ಅವರ ಹುಡುಗಾಟದಿಂದಲೂ ಒಂದು ಒಳ್ಳೆಯ ಕಥೆ ಹುಟ್ಟೀತು.